ಬೀಗದಕೈ ಕಳೆದುಹೋದ ಹಳೆಯ ಲಾರಿ: ಇಗ್ನಿಷನ್ ಬೀಗವನ್ನು ತೆಗೆದು ಬೇರೆಯದನ್ನು ಕೂಡಿಸುವ ಕ್ರಮ

ಗ್ರಾಮಾಂತರದ ಅನೇಕ ಜಮೀನುದಾರರ ಮನೆಗಳಲ್ಲಿ ಹಳೆಯ ಲಾರಿಯೊಂದು ಕೊಟ್ಟಿಗೆಯ ಪಕ್ಕದಲ್ಲಿಯೋ ಕಣದ ಅಂಚಿನಲ್ಲಿಯೋ ನಿಂತಿರುವುದುಂಟು. ವರ್ಷದ ಬಹುಭಾಗ ಅದಕ್ಕೆ ಕೆಲಸವಿರುವುದಿಲ್ಲ. ಸುಗ್ಗಿಯ ಕಾಲ ಬಂದೊಡನೆ ಭತ್ತದ ಮೂಟೆ, ಕಬ್ಬು, ತೆಂಗಿನಕಾಯಿ, ಗೊಬ್ಬರ ಮುಂತಾದವುಗಳ ಸಾಗಾಟಕ್ಕೆ ಅದು ಬೇಕಾಗುವುದು. ಅಂತಹ ಸಮಯದಲ್ಲಿ ನೋಡಿದರೆ ಬೀಗದಕೈ ಎಲ್ಲಿಯೂ ಸಿಕ್ಕುವುದಿಲ್ಲ. ಹಿಂದಿನ ಚಾಲಕನು ಕೆಲಸ ಬಿಟ್ಟು ಹೋಗುವಾಗ ಅದನ್ನು ಹಿಂದಕ್ಕೆ ಕೊಡುವುದನ್ನು ಮರೆತಿರಬಹುದು. ಅಥವಾ ಮನೆಯ ಹಿರಿಯರು ಗತಿಸಿದ ಮೇಲೆ ಅವರು ಅದನ್ನು ಇಟ್ಟ ಸ್ಥಳವು ಯಾರಿಗೂ ತಿಳಿಯದೆ ಹೋಗಿರಬಹುದು. ಆಗ ಆತುರಪಟ್ಟು ಸುತ್ತಿಗೆಯಿಂದ ಬೀಗವನ್ನು ಒಡೆಯುವುದೂ, ಹಲಗೆಯ ಹಿಂದಿನ ತಂತಿಗಳನ್ನು ಕತ್ತರಿಸಿ ಒಂದಕ್ಕೊಂದು ಸುತ್ತಿಬಿಡುವುದೂ ಸಾಮಾನ್ಯವಾಗಿ ಕಂಡುಬರುವ ಪದ್ಧತಿಗಳು. ಇವೆರಡೂ ಕೆಟ್ಟವು. ಇದರಿಂದ ಎಷ್ಟೋ ವೇಳೆ ಬೀಗದ ಬೆಲೆಗಿಂತ ಹತ್ತು ಪಾಲು ಹೆಚ್ಚಾದ ನಷ್ಟವೂ, ಕೆಲವು ವೇಳೆ ಬೆಂಕಿಯೂ ಒದಗುವುವು.

ಈ ಕೆಲಸವು ಕಷ್ಟವಾದುದಲ್ಲ. ಬೀಗದ ರಚನೆಯನ್ನೂ ವಿದ್ಯುತ್ತಿನ ಹಾದಿಯನ್ನೂ ಸ್ವಲ್ಪ ತಿಳಿದುಕೊಂಡು ಕ್ರಮವಾಗಿ ನಡೆದರೆ, ಸಾಧಾರಣ ಉಪಕರಣಗಳಿಂದಲೇ ಅರ್ಧ ದಿವಸದಲ್ಲಿ ಹಳೆಯ ಬೀಗವನ್ನು ತೆಗೆದು ಹೊಸದನ್ನು ಕೂಡಿಸಬಹುದು. ಆ ಕ್ರಮವನ್ನು ಈ ಕೆಳಗೆ ವಿವರಿಸಿದೆ.

ಇಗ್ನಿಷನ್ ಬೀಗದ ಕೆಲಸ

ಮನೆಯ ಬಾಗಿಲಿನ ಬೀಗವು ಬಾಗಿಲನ್ನು ಹಿಡಿದಿಡುವುದು. ಹಳೆಯ ಲಾರಿಯ ಇಗ್ನಿಷನ್ ಬೀಗವು ಏನನ್ನೂ ಹಿಡಿದಿಡುವುದಿಲ್ಲ. ಅದು ವಿದ್ಯುತ್ತಿನ ಹಾದಿಯನ್ನು ತೆರೆಯುವ ಮತ್ತು ಮುಚ್ಚುವ ಒಂದು ಸ್ವಿಚ್ಚು ಮಾತ್ರ. ಪೆಟ್ರೋಲ್ ಎಂಜಿನ್ನಿನಲ್ಲಿ ಬ್ಯಾಟರಿಯಿಂದ ಹೊರಟ ವಿದ್ಯುತ್ತು ಆಮ್ಮೀಟರಿನ ಮೂಲಕ ಈ ಸ್ವಿಚ್ಚಿಗೆ ಬಂದು, ಅಲ್ಲಿಂದ ಕಾಯಿಲ್ ಎಂಬ ಸುರುಳಿಗೆ ಹೋಗುವುದು. ಡಿಸ್ಟ್ರಿಬ್ಯೂಟರಿನೊಳಗಿನ ಚಿಕ್ಕ ಮುಳ್ಳುಗಳು ಆ ವಿದ್ಯುತ್ತನ್ನು ಕ್ಷಣಕ್ಷಣಕ್ಕೂ ತಡೆದು ಬಿಡುವುದರಿಂದ ಕಾಯಿಲಿನಲ್ಲಿ ಸಾವಿರಾರು ವೋಲ್ಟುಗಳ ಒತ್ತಡವು ಹುಟ್ಟಿ, ಪ್ಲಗ್ಗುಗಳಲ್ಲಿ ಕಿಡಿಯಾಗಿ ಹಾರಿ, ಪೆಟ್ರೋಲಿನ ಆವಿಯನ್ನು ಹೊತ್ತಿಸುವುದು. ಸ್ವಿಚ್ಚನ್ನು ಮುಚ್ಚಿದರೆ ಕಿಡಿಯಿಲ್ಲ. ಕಿಡಿಯಿಲ್ಲದಿದ್ದರೆ ಎಂಜಿನ್ನು ನಿಲ್ಲುವುದು.

ಡೀಸೆಲ್ ಎಂಜಿನ್ನಿನ ವಿಚಾರವು ಬೇರೆ. ಅದರಲ್ಲಿ ಕಿಡಿಯೇ ಇಲ್ಲ. ಗಾಳಿಯನ್ನು ಬಲವಾಗಿ ಒತ್ತಿದಾಗ ಹುಟ್ಟುವ ಶಾಖದಿಂದಲೇ ಎಣ್ಣೆಯು ಹೊತ್ತಿಕೊಳ್ಳುವುದು. ಹಳೆಯ ಡೀಸೆಲ್ ಲಾರಿಗಳಲ್ಲಿ ಅನೇಕವು ಎಣ್ಣೆಯ ಪಂಪನ್ನು ತಡೆಯುವ ಒಂದು ಎಳೆಗುಬ್ಬಿಯಿಂದ ನಿಲ್ಲತಕ್ಕವು. ಕೀಲಿಯನ್ನು ತಿರುಗಿಸಿದ ಮಾತ್ರಕ್ಕೆ ಅವು ನಿಲ್ಲುವುದಿಲ್ಲ. ಅಲ್ಲಿ ಕೀಲಿಯು ಸ್ಟಾರ್ಟರಿಗೂ ಅಳತೆಯ ಮುಳ್ಳುಗಳಿಗೂ ವಿದ್ಯುತ್ತನ್ನು ಒದಗಿಸುವುದು. ಆದುದರಿಂದ ಲಾರಿಯು ಪೆಟ್ರೋಲಿನದೋ ಡೀಸೆಲಿನದೋ ಎಂಬುದನ್ನು ಮೊದಲು ತಿಳಿದು, ಬಳಿಕ ಬೀಗಕ್ಕೆ ಕೈಹಾಕಬೇಕು. ಡೀಸೆಲ್ ಲಾರಿಯಾದರೆ ಎಳೆಗುಬ್ಬಿಯು ಸರಿಯಾಗಿ ಕೆಲಸ ಮಾಡುವುದೇ ಎಂಬುದನ್ನು ಮುಂಚಿತವಾಗಿ ನೋಡಿಕೊಳ್ಳುವುದು ಅವಶ್ಯಕ.

ಎಂಜಿನ್ನನ್ನು ವಿದ್ಯುತ್ತಿನಿಂದ ತಿರುಗಿಸುವ ಸ್ಟಾರ್ಟರನ್ನು ಅಮೆರಿಕೆಯ ಚಾರ್ಲ್ಸ್ ಕೆಟರಿಂಗ್ ಎಂಬವರು ೧೯೧೧ ರಲ್ಲಿ ಸಿದ್ಧಪಡಿಸಿದರು. ೧೯೧೨ ರ ಕ್ಯಾಡಿಲಾಕ್ ಮೋಟಾರಿನಲ್ಲಿ ಅದು ಬಳಕೆಗೆ ಬಂದಿತು. ಆದರೆ ಆ ಮೇಲೂ ಬಹುಕಾಲ ಕೀಲಿಗೂ ಸ್ಟಾರ್ಟರಿಗೂ ಸಂಬಂಧವಿರಲಿಲ್ಲ. ಕೀಲಿಯನ್ನು ತಿರುಗಿಸಿದ ಮೇಲೆ ಬೇರೊಂದು ಗುಂಡಿಯನ್ನು ಒತ್ತಬೇಕಾಗಿತ್ತು, ಅಥವಾ ಕಾಲಿನಿಂದ ಮೆಟ್ಟಬೇಕಾಗಿತ್ತು. ಕೀಲಿಯನ್ನು ತಿರುಗಿಸುವುದರಿಂದಲೇ ಎಂಜಿನ್ನು ಹೊರಡುವ ಏರ್ಪಾಡನ್ನು ಕ್ರೈಸ್ಲರ್ ಕಂಪೆನಿಯವರು ೧೯೪೯ ರಲ್ಲಿ ತಮ್ಮ ಮೋಟಾರುಗಳಲ್ಲಿ ತಂದರು. ೧೯೪೭ ರಿಂದ ೧೯೫೫ ರ ಆರಂಭದವರೆಗೆ ತಯಾರಾದ ಷೆವರ್ಲೆ ಲಾರಿಗಳು ಆರು ವೋಲ್ಟಿನ ಬ್ಯಾಟರಿಯವು. ಅವುಗಳಲ್ಲಿ ಸ್ಟಾರ್ಟರನ್ನು ಕಾಲಿನಿಂದ ಮೆಟ್ಟುವುದೇ ಕ್ರಮ.

ಈ ಕಾಲುಮೆಟ್ಟಿನ ವಿಷಯದಲ್ಲಿ ಒಂದು ಅಪಾಯವನ್ನು ಮುಖ್ಯವಾಗಿ ಗಮನಿಸಬೇಕು. ಮೆಟ್ಟು ಸ್ಟಾರ್ಟರಿನ ಸ್ವಿಚ್ಚನ್ನು ನೇರವಾಗಿ ಒತ್ತುವುದರಿಂದ, ಕೀಲಿಯು ಮುಚ್ಚಿದ್ದರೂ ಸ್ಟಾರ್ಟರು ತಿರುಗುವುದು. ಲಾರಿಯನ್ನು ಗೇರಿನಲ್ಲಿ ಬಿಟ್ಟು ನಿಲ್ಲಿಸಿದ್ದು, ಮಕ್ಕಳು ಆಟಕ್ಕೆ ಹತ್ತಿ ಮೆಟ್ಟನ್ನು ತುಳಿದರೆ, ಎಂಜಿನ್ನು ಹೊತ್ತದಿದ್ದರೂ ಲಾರಿಯು ಮುಂದಕ್ಕೆ ಹಾರುವುದು. ಬೀಗದಕೈ ಯಜಮಾನರ ಜೇಬಿನಲ್ಲಿದೆಯೆಂಬ ಧೈರ್ಯವು ಇಂತಹ ಲಾರಿಯ ವಿಷಯದಲ್ಲಿ ಸಲ್ಲದು. ನಿಂತ ಲಾರಿಯ ಗೇರನ್ನು ತಪ್ಪಿಸಿ, ಕೈಬ್ರೇಕನ್ನು ಎಳೆದು, ಚಕ್ರಗಳಿಗೆ ಕಲ್ಲು ಕೊಡುವುದೂ, ಬಹುದಿನ ನಿಲ್ಲುವುದಾದರೆ ಬ್ಯಾಟರಿಯ ತಂತಿಯನ್ನು ಬಿಚ್ಚಿಡುವುದೂ ಉತ್ತಮ.

ಬೀಗದ ಒಳರಚನೆ

ಇಗ್ನಿಷನ್ ಬೀಗದಲ್ಲಿ ಎರಡು ಮುಖ್ಯ ಭಾಗಗಳಿರುವುವು. ಮುಂದೆ ಕಾಣಿಸುವುದು ಬೀಗದ ಉರುಳೆ. ಇದರಲ್ಲಿ ಕೀಲಿಯನ್ನು ತೂರಿಸುವ ಸೀಳು ಇರುವುದು. ಹಲಗೆಯ ಹಿಂದೆ ಇರತಕ್ಕದ್ದು ಸ್ವಿಚ್ಚಿನ ಒಡಲು. ಇದಕ್ಕೆ ತಂತಿಗಳು ಸೇರಿರುವುವು. ಉರುಳೆಯು ತಿರುಗಿದಾಗ ಅದರ ಬಾಲವು ಸ್ವಿಚ್ಚನ್ನು ತಿರುಗಿಸುವುದು.

ಉರುಳೆಯೊಳಗೆ ತೆಳುವಾದ ಹಿತ್ತಾಳೆಯ ಬಿಲ್ಲೆಗಳು ಸಾಲಾಗಿ ನಿಂತಿರುವುವು. ಒಂದೊಂದು ಬಿಲ್ಲೆಗೂ ಒಂದೊಂದು ಸಣ್ಣ ಸ್ಪ್ರಿಂಗು ಇರುವುದು. ಕೀಲಿಯಿಲ್ಲದಿರುವಾಗ ಸ್ಪ್ರಿಂಗುಗಳು ಬಿಲ್ಲೆಗಳನ್ನು ಹೊರಕ್ಕೆ ತಳ್ಳಿ ಸುತ್ತಲಿನ ಕೊಳವೆಯ ಗಾಡಿಯಲ್ಲಿ ಸಿಕ್ಕಿಸುವುದರಿಂದ ಉರುಳೆಯು ತಿರುಗಲಾರದು. ಸರಿಯಾದ ಕೀಲಿಯನ್ನು ತೂರಿಸಿದಾಗ ಅದರ ಹಲ್ಲುಗಳು ಬಿಲ್ಲೆಗಳನ್ನೆಲ್ಲಾ ಒಂದೇ ಮಟ್ಟಕ್ಕೆ ಎಳೆಯುವುವು; ಆಗ ಉರುಳೆಯು ಸುಲಭವಾಗಿ ತಿರುಗುವುದು. ಜನರಲ್ ಮೋಟರ್ಸ್ ಕಂಪೆನಿಯ ಬೀಗಗಳಲ್ಲಿ ೧೯೩೫ ರಿಂದ ಇನ್ನೊಂದು ಏರ್ಪಾಡು ಬಂದಿತು: ಬಿಲ್ಲೆಗಳ ಮಗ್ಗುಲಿನಲ್ಲಿ ಒಂದು ಅಡ್ಡಪಟ್ಟಿಯಿದ್ದು, ಬಿಲ್ಲೆಗಳೆಲ್ಲವೂ ತಕ್ಕ ಸ್ಥಾನಕ್ಕೆ ಬಂದಾಗ ಮಾತ್ರ ಆ ಪಟ್ಟಿಯು ಒಳಕ್ಕೆ ಜಾರುವುದು. ಈ ಬಗೆಯ ಬೀಗಗಳನ್ನು ತಯಾರಿಸಿದವರು ಮಿಲ್ವಾಕೀ ನಗರದ ಬ್ರಿಗ್ಸ್ ಅಂಡ್ ಸ್ಟ್ರಾಟನ್ ಕಂಪೆನಿಯವರು. ನೀರೆತ್ತುವ ಪಂಪು ಮುಂತಾದವುಗಳಿಗೆ ಕಟ್ಟುವ ಸಣ್ಣ ಎಂಜಿನ್ನುಗಳಿಂದ ರೈತರಿಗೆ ಈ ಹೆಸರು ಪರಿಚಿತವಾಗಿಯೇ ಇದೆ.

ಉರುಳೆಯು ತಾನಾಗಿ ಹೊರಕ್ಕೆ ಬಾರದಂತೆ ಅದರ ಮಗ್ಗುಲಿನಲ್ಲಿ ಸ್ಪ್ರಿಂಗಿನ ಮೇಲೆ ನಿಂತ ಒಂದು ಚಿಕ್ಕ ಗೂಟವು ತಡೆಯಾಗಿರುವುದು. ಈ ಗೂಟವನ್ನು ಒಳಕ್ಕೆ ಒತ್ತಲು ಬೀಗದ ಮುಖದಲ್ಲಿ ಸೂಜಿಯು ಹೋಗುವಷ್ಟು ಸಣ್ಣ ತೂತು ಇರುವುದು. ಆದರೆ ಉರುಳೆಯು ಒಂದು ನಿರ್ದಿಷ್ಟ ಸ್ಥಾನಕ್ಕೆ, ಸಾಮಾನ್ಯವಾಗಿ ಎಡಗಡೆಯ ಕೊನೆಗೆ, ತಿರುಗಿದಾಗ ಮಾತ್ರ ಗೂಟವು ಬಿಡುಗಡೆಯಾಗುವುದು. ಉರುಳೆಯನ್ನು ತಿರುಗಿಸಲು ಕೀಲಿಯು ಬೇಕು. ಕೀಲಿಯಿಲ್ಲದವನಿಗೆ ಬೀಗವು ಸುಲಭವಾಗಿ ಕೈಗೆ ಬಾರದಿರಲೆಂದೇ ಹೀಗೆ ಮಾಡಿದೆ. ಕೀಲಿ ಕಳೆದಾಗ ಒದಗುವ ತೊಂದರೆಗೆಲ್ಲಾ ಮೂಲವು ಇದೇ.

ಮೊದಲು ವಿಚಾರಿಸಬೇಕಾದ ಸಂಗತಿಗಳು

ಬೀಗವನ್ನು ತೆಗೆಯುವುದು ಕೊನೆಯ ಉಪಾಯ. ಅದಕ್ಕೆ ಮುಂಚೆ ಈ ಮೂರು ಸಂಗತಿಗಳನ್ನು ವಿಚಾರಿಸತಕ್ಕದ್ದು.

ಮೊದಲನೆಯದು, ಲಾರಿಯ ಒಡೆತನ. ರಿಜಿಸ್ಟ್ರೇಷನ್ ಪತ್ರದಲ್ಲಿ ಬರೆದಿರುವ ಛಾಸಿಸ್ ಸಂಖ್ಯೆ ಮತ್ತು ಎಂಜಿನ್ ಸಂಖ್ಯೆಗಳು ಲಾರಿಯ ಮೇಲೆ ಕೆತ್ತಿರುವ ಸಂಖ್ಯೆಗಳಿಗೆ ಸರಿಹೊಂದುವುವೇ ಎಂದು ನೋಡಬೇಕು. ಲಾರಿಯು ಪಾಲುಗಾರರದಾಗಿದ್ದರೆ ಎಲ್ಲರ ಒಪ್ಪಿಗೆಯೂ ಇರಬೇಕು. ಕೀಲಿಯು ಕಳವಾಗಿದೆಯೆಂಬ ಸಂಶಯವಿದ್ದರೆ ಪೊಲೀಸ್ ಠಾಣೆಗೆ ಬರೆದು ತಿಳಿಸಿ, ಅದರ ನಕಲನ್ನು ಇಟ್ಟುಕೊಳ್ಳುವುದು ಒಳ್ಳೆಯದು. ಪತ್ರಗಳಿಲ್ಲದ ಲಾರಿಯ ಬೀಗಕ್ಕೆ ಯಾರೂ ಕೈಹಾಕಕೂಡದು. ಬೇರೆಯವರು ಕೈಹಾಕಲು ಸಹಾಯವನ್ನೂ ಮಾಡಕೂಡದು.

ಎರಡನೆಯದು, ಕೀಲಿಯು ನಿಜವಾಗಿಯೂ ಕಳೆದಿದೆಯೇ, ಅಥವಾ ಬೀಗವು ಕೆಟ್ಟಿದೆಯೇ ಎಂಬುದು. ಬಹುಕಾಲ ನಿಂತ ಲಾರಿಯಲ್ಲಿ ಧೂಳು ಸೇರಿ ಬಿಲ್ಲೆಗಳು ಅಂಟಿಕೊಂಡು ಸರಿಯಾದ ಕೀಲಿಯೂ ತಿರುಗದೆ ಹೋಗುವುದುಂಟು. ಆಗ "ಇದು ಈ ಲಾರಿಯ ಕೀಲಿಯಲ್ಲ" ಎಂದು ಅದನ್ನು ಎಸೆದುಬಿಡುತ್ತಾರೆ. ಹಾಗೆ ಮಾಡದೆ, ಸೀಸದ ಕಡ್ಡಿಯ ಕರಿಯನ್ನು ನುಣ್ಣಗೆ ಪುಡಿಮಾಡಿ ಸೀಳಿನೊಳಗೆ ಊದಿ, ಕೀಲಿಯನ್ನು ಹತ್ತಾರು ಸಾರಿ ಮೆಲ್ಲಗೆ ತೂರಿಸಿ ತೆಗೆದರೆ ಅನೇಕ ಬೀಗಗಳು ತೆರೆಯುವುವು. ಎಣ್ಣೆಯನ್ನು ಹಾಕಬಾರದು, ಅದು ಧೂಳನ್ನು ಹಿಡಿದು ಮತ್ತಷ್ಟು ಕೆಡಿಸುವುದು. ಸವೆದುಹೋದ ಕೀಲಿಯನ್ನು ನಕಲು ಮಾಡಿಸಿದರೆ ಸವೆತವೂ ನಕಲಾಗುವುದೆಂಬುದನ್ನು ಮರೆಯಕೂಡದು.

ಮೂರನೆಯದು, ಬೀಗದ ಸಂಖ್ಯೆ. ಬ್ರಿಟಿಷ್ ಮಾದರಿಯ ಹಳೆಯ ವಾಹನಗಳ ಬೀಗಗಳಲ್ಲಿ ಅನೇಕಕ್ಕೆ ಎಫ್‌ಎ, ಎಫ್‌ಎಸ್ ಎಂಬಂತಹ ಅಕ್ಷರಗಳೂ ಅವುಗಳ ಮುಂದೆ ಮೂರು ಅಂಕಿಗಳ ಸಂಖ್ಯೆಯೂ ಉಂಟು. ಉರುಳೆಯ ಮುಖವನ್ನು ಬಟ್ಟೆಯಿಂದ ಒರೆಸಿ ಬೆಳಕಿನಲ್ಲಿ ನೋಡಿದರೆ ಕೆಲವುಗಳಲ್ಲಿ ಅದು ಕಾಣಿಸುವುದು. ಸಂಖ್ಯೆಯು ಸಿಕ್ಕಿದರೆ ನಗರದ ಬೀಗಗಾರನು ಅದರಿಂದಲೇ ಹೊಸ ಕೀಲಿಯನ್ನು ಮಾಡಿಕೊಡಬಲ್ಲನು. ಸಂಖ್ಯೆಯಿಲ್ಲದಿದ್ದರೂ ಅನುಭವಸ್ಥನಾದ ಬೀಗಗಾರನು ಸಣ್ಣ ಕಡ್ಡಿಗಳಿಂದ ಬಿಲ್ಲೆಗಳನ್ನು ಸರಿಪಡಿಸಿ ಉರುಳೆಯನ್ನು ತಿರುಗಿಸಬಲ್ಲನು. 

ಬೇಕಾಗುವ ಸಾಮಾನುಗಳು

ಸ್ಪ್ಯಾನರುಗಳು, ದೊಡ್ಡ ಮತ್ತು ಸಣ್ಣ ತಿರುಪುಳಿಗಳು, ಇಕ್ಕಳ, ನೇರಮಾಡಿದ ಗಟ್ಟಿಯಾದ ಉಕ್ಕಿನ ತಂತಿಯ ತುಂಡು (ಕಾಗದಗಳನ್ನು ಸೇರಿಸುವ ಕ್ಲಿಪ್ಪನ್ನು ಬಿಡಿಸಿದರೆ ಸಾಕು), ಕಾಗದದ ಚೀಟಿಗಳು ಮತ್ತು ದಾರ, ಸೀಸದ ಕಡ್ಡಿ, ನಯವಾದ ಮರಳುಕಾಗದ, ಒಳ್ಳೆಯ ಟಾರ್ಚು. ಬೈರಿಗೆಯನ್ನು ಉಪಯೋಗಿಸಬೇಕಾಗಿ ಬಂದರೆ ಕಣ್ಣಿಗೆ ಕನ್ನಡಕವೂ ಬೇಕು. ಹೊಸ ಬೀಗವನ್ನು, ಸಾಧ್ಯವಾದರೆ ಸ್ವಿಚ್ಚಿನೊಡನೆಯೇ, ಕೆಲಸಕ್ಕೆ ಮುಂಚೆ ತಂದಿಟ್ಟುಕೊಂಡಿರಬೇಕು. ಹಳೆಯದನ್ನು ತೆಗೆದ ಮೇಲೆ ಹೊಸದನ್ನು ಹುಡುಕಲು ಹೊರಟರೆ ತಂತಿಗಳು ತಿಂಗಳುಗಟ್ಟಲೆ ಬಿಚ್ಚಿಕೊಂಡೇ ನೇತಾಡುವುವು.

ಪೂರ್ವಸಿದ್ಧತೆ

ಲಾರಿಯನ್ನು ಸಮನಾದ ನೆಲದಲ್ಲಿ ನಿಲ್ಲಿಸಿ, ಗೇರನ್ನು ತಪ್ಪಿಸಿ, ಕೈಬ್ರೇಕನ್ನು ಎಳೆದು, ಚಕ್ರಗಳಿಗೆ ಕಲ್ಲುಗಳನ್ನು ಕೊಡಬೇಕು. ಹುಲ್ಲಿನ ಮೆದೆಯ ಬಳಿಯಲ್ಲಿ ಈ ಕೆಲಸವನ್ನು ಎಂದಿಗೂ ಮಾಡಕೂಡದು.

ಬಳಿಕ ಬ್ಯಾಟರಿಯನ್ನು ಬಿಚ್ಚಬೇಕು. ಇದನ್ನು ಬಿಟ್ಟು ಮುಂದಕ್ಕೆ ಹೋಗುವುದು ಅವಿವೇಕ. ಏಕೆಂದರೆ ಹಳೆಯ ಲಾರಿಗಳಲ್ಲಿ ಬ್ಯಾಟರಿಯಿಂದ ಆಮ್ಮೀಟರಿನ ಮೂಲಕ ಸ್ವಿಚ್ಚಿಗೆ ಬರುವ ದಪ್ಪ ತಂತಿಗೆ ಅನೇಕ ವೇಳೆ ಫ್ಯೂಸೇ ಇರುವುದಿಲ್ಲ. ಕೀಲಿಯು ಮುಚ್ಚಿದ್ದರೂ ಆ ತಂತಿಯಲ್ಲಿ ವಿದ್ಯುತ್ತು ಯಾವಾಗಲೂ ಇದ್ದೇ ಇರುವುದು. ತಿರುಪುಳಿಯು ಆ ತಂತಿಯನ್ನೂ ಕಬ್ಬಿಣದ ಹಲಗೆಯನ್ನೂ ಒಂದೇ ಕಾಲದಲ್ಲಿ ಮುಟ್ಟಿದರೆ ತಂತಿಯು ಕ್ಷಣಮಾತ್ರದಲ್ಲಿ ಕೆಂಪಗೆ ಕಾದು, ಅದರ ಹೊದಿಕೆಯು ಹೊತ್ತಿ, ಜೊತೆಯ ತಂತಿಗಳೆಲ್ಲವೂ ಸುಟ್ಟುಹೋಗುವುವು.

ಬ್ಯಾಟರಿಯ ಎರಡು ತಂತಿಗಳಲ್ಲಿ ಛಾಸಿಸ್ಸಿಗೆ ಸೇರಿದ ತಂತಿಯನ್ನು, ಎಂದರೆ ಭೂಮಿಯ ತಂತಿಯನ್ನು, ಮೊದಲು ಬಿಚ್ಚಬೇಕು. ಮರಳಿ ಕೂಡಿಸುವಾಗ ಅದನ್ನು ಕೊನೆಯಲ್ಲಿ ಕೂಡಿಸಬೇಕು. ಕಾರಣವು ಸ್ಪಷ್ಟವಾಗಿದೆ. ಇನ್ನೊಂದು ತಂತಿಯನ್ನು ಮೊದಲು ಬಿಚ್ಚತೊಡಗಿದರೆ, ಸ್ಪ್ಯಾನರಿನ ಹಿಂಬದಿಯು ಲಾರಿಯ ಕಬ್ಬಿಣಕ್ಕೆ ತಗುಲಿದೊಡನೆ ಬ್ಯಾಟರಿಯ ಶಕ್ತಿಯೆಲ್ಲವೂ ಸ್ಪ್ಯಾನರಿನ ಮೂಲಕ ಹರಿಯುವುದು. ಭೂಮಿಯ ತಂತಿಯನ್ನು ಬಿಚ್ಚುವಾಗ ಸ್ಪ್ಯಾನರು ಕಬ್ಬಿಣಕ್ಕೆ ತಗುಲಿದರೂ ಬಾಧೆಯಿಲ್ಲ.

ಋಣ ತುದಿಯೇ ಯಾವಾಗಲೂ ಭೂಮಿಗೆ ಸೇರಿರುವುದೆಂದು ತಿಳಿಯಬಾರದು. ಷೆವರ್ಲೆ ಲಾರಿಗಳಲ್ಲಿ ಋಣ ತುದಿಯು ಭೂಮಿಗೆ ಸೇರಿದೆ; ಆದರೆ ೧೯೫೫ ರವರೆಗಿನ ಆರು ವೋಲ್ಟಿನ ಅಮೆರಿಕದ ಫೋರ್ಡುಗಳಲ್ಲಿ ಧನ ತುದಿಯು ಭೂಮಿಗೆ ಸೇರಿತ್ತು. ಬ್ರಿಟಿಷ್ ಮಾದರಿಯ ಹಳೆಯ ವಾಹನಗಳಲ್ಲಿಯೂ ಅನೇಕಕ್ಕೆ ಧನವೇ ಭೂಮಿ. ಆದಕಾರಣ ಗುರುತನ್ನು ನಂಬದೆ, ತಂತಿಯನ್ನು ಕಣ್ಣಿನಿಂದ ಹಿಂಬಾಲಿಸಿ ಅದು ಎಲ್ಲಿಗೆ ಸೇರಿದೆಯೆಂದು ನೋಡಿಯೇ ನಿರ್ಧರಿಸಬೇಕು. ಬ್ಯಾಟರಿಯಿಂದ ಹೊತ್ತಿಕೊಳ್ಳುವ ವಾಯುವು ಹೊರಡುವುದರಿಂದ ಅದರ ಬಳಿ ಬೀಡಿಯನ್ನಾಗಲಿ ದೀಪವನ್ನಾಗಲಿ ತರಕೂಡದು.

ಬೀಗವನ್ನು ತೆಗೆಯುವ ಕ್ರಮ

(೧) ಕೀಲಿಯು ದೊರೆತಾಗ, ಅಥವಾ ಬೀಗಗಾರನು ಉರುಳೆಯನ್ನು ತಿರುಗಿಸಿಕೊಟ್ಟಾಗ: ೧೯೬೭ ರಿಂದ ೧೯೭೨ ರವರೆಗಿನ ಷೆವರ್ಲೆ ಲಾರಿಗಳನ್ನು ಇದಕ್ಕೆ ಉದಾಹರಣೆಯಾಗಿ ತೆಗೆದುಕೊಳ್ಳಬಹುದು. ಉರುಳೆಯನ್ನು ಎಡಕ್ಕೆ ತಿರುಗಿಸಿ, ಮುಖದ ಸಣ್ಣ ತೂತಿನಲ್ಲಿ ಉಕ್ಕಿನ ತಂತಿಯನ್ನು ತೂರಿಸಿ ಒಳಗಿನ ಗೂಟವನ್ನು ಒತ್ತಬೇಕು. ಒತ್ತಿಹಿಡಿದಿರುವಾಗಲೇ ಉರುಳೆಯನ್ನು ಎಡಕ್ಕೆ ಮತ್ತಷ್ಟು ತಿರುಗಿಸಿ ತನ್ನ ಕಡೆಗೆ ಎಳೆದರೆ ಅದು ಹೊರಬರುವುದು. ಬಲಪ್ರಯೋಗಕ್ಕೆ ಇಲ್ಲಿ ಎಡೆಯೇ ಇಲ್ಲ. ಬಾರದಿದ್ದರೆ ಗೂಟವು ಪೂರ್ತಿಯಾಗಿ ಒತ್ತಲ್ಪಟ್ಟಿಲ್ಲವೆಂದು ತಿಳಿಯಬೇಕು. ಉರುಳೆಯು ಬಂದ ಮೇಲೆ ಮುಂಭಾಗದ ಉಂಗುರದಂತಹ ನಟ್ಟನ್ನು ಬಿಚ್ಚಿದರೆ ಸ್ವಿಚ್ಚಿನ ಒಡಲು ಹಲಗೆಯ ಹಿಂದಕ್ಕೆ ಇಳಿಯುವುದು.

(೨) ಕೀಲಿಯಿಲ್ಲದಿರುವಾಗ ಸ್ವಿಚ್ಚನ್ನು ಇಡಿಯಾಗಿ ತೆಗೆಯುವುದು: ಹಲಗೆಗೆ ಕೂಡಿಸಿದ ಹಳೆಯ ಬೀಗಗಳಲ್ಲಿ ಅನೇಕವನ್ನು ಒಡೆಯುವ ಅಗತ್ಯವೇ ಇಲ್ಲ. ಮುಂದಿನ ನಟ್ಟನ್ನು ಬಿಚ್ಚಿ, ಬೀಗ ಮತ್ತು ಸ್ವಿಚ್ಚುಗಳನ್ನು ಒಟ್ಟಿಗೆ ಹಿಂದಕ್ಕೆ ಇಳಿಸಿಕೊಂಡು, ಅವೆರಡೂ ಕೂಡಿರುವ ಹೊಸ ಜೋಡಣೆಯನ್ನು ಅದರ ಸ್ಥಾನದಲ್ಲಿ ಇಡಬಹುದು. ಕೈಯನ್ನು ಹಲಗೆಯ ಹಿಂದೆ ಇಟ್ಟು ಒಡಲನ್ನು ಹಿಡಿದುಕೊಂಡು ನಟ್ಟನ್ನು ತಿರುಗಿಸಬೇಕು. ಇಲ್ಲದಿದ್ದರೆ ಒಡಲೇ ತಿರುಗಿ ತಂತಿಗಳನ್ನು ತಿರುಚುವುದು. ತಂತಿಗಳನ್ನು ಬಿಚ್ಚುವುದಕ್ಕೆ ಮುಂಚೆ ಅವುಗಳ ಚಿತ್ರವನ್ನು ಕಾಗದದ ಮೇಲೆ ಬರೆದು, ಒಂದೊಂದು ತಂತಿಗೂ ಚೀಟಿಯನ್ನು ಕಟ್ಟಬೇಕು. ಬ್ಯಾಟರಿಯಿಂದ ಬರುವುದು, ಕಾಯಿಲಿಗೆ ಹೋಗುವುದು, ಅಳತೆಯ ಮುಳ್ಳುಗಳಿಗೆ ಹೋಗುವುದು, ಕೀಲಿಯಿಂದ ಹೊರಡುವ ಲಾರಿಯಾದರೆ ಸ್ಟಾರ್ಟರಿಗೆ ಹೋಗುವುದು ಎಂದು ವಿಂಗಡಿಸಬೇಕು. ಹಳೆಯ ತಂತಿಗಳ ಬಣ್ಣವು ಮಾಸಿರುವುದರಿಂದ ಬಣ್ಣವನ್ನು ನೆಚ್ಚಿಕೊಳ್ಳಲಾಗದು.

(೩) ಬೈರಿಗೆಯಿಂದ ತೆಗೆಯುವುದು: ಕೆಲವು ಮಾದರಿಗಳಲ್ಲಿ ಉರುಳೆಯು ಹೊರಬರುವವರೆಗೂ ಮುಂದಿನ ನಟ್ಟು ತಿರುಗದು. ಬೀಗಗಾರನಿಂದಲೂ ಅದು ತೆರೆಯದಿದ್ದರೆ ಉರುಳೆಯನ್ನು ಬಲಿಕೊಡದೆ ಗತಿಯಿಲ್ಲ. ಉರುಳೆಯು ಹಿತ್ತಾಳೆ ಅಥವಾ ಸತುವಿನ ಎರಕದಂತಹ ಮೃದು ಲೋಹದ್ದಾದುದರಿಂದ ಬೈರಿಗೆಯು ಸುಲಭವಾಗಿ ಇಳಿಯುವುದು. ಮೊದಲು ಸಣ್ಣ ಅಲಗಿನಿಂದಲೂ ಬಳಿಕ ಸ್ವಲ್ಪ ದೊಡ್ಡದರಿಂದಲೂ ಕೀಲಿಯ ಸೀಳಿನ ಹಾದಿಯಲ್ಲಿಯೇ ನೇರವಾಗಿ ಕೊರೆದು ಬಿಲ್ಲೆಗಳನ್ನು ನಾಶಪಡಿಸಬೇಕು. ಉರುಳೆಯ ಉದ್ದಕ್ಕಿಂತ ಹೆಚ್ಚಾಗಿ ಇಳಿಸಿದರೆ ಹಿಂದಿನ ಸ್ವಿಚ್ಚೂ ಕೆಡುವುದು. ಆಗಾಗ ನಿಲ್ಲಿಸಿ ಲೋಹದ ಪುಡಿಯನ್ನು ಹೊರಕ್ಕೆ ತೆಗೆಯುತ್ತಿರಬೇಕು. ಬಿಲ್ಲೆಗಳು ಹೋದ ಮೇಲೆ ತಿರುಪುಳಿಯಿಂದ ಉರುಳೆಯನ್ನು ಎಡಕ್ಕೆ ತಿರುಗಿಸಿ, ಮೊದಲನೆಯ ಕ್ರಮದಂತೆಯೇ ಗೂಟವನ್ನು ಒತ್ತಿ ತೆಗೆಯಬಹುದು. ಈ ಕೆಲಸದಲ್ಲಿ ಕನ್ನಡಕವನ್ನು ತೊಟ್ಟಿರಲೇಬೇಕು. ಪುಡಿಯು ಸ್ವಿಚ್ಚಿನೊಳಗೆ ಉಳಿದರೆ ಅದೇ ಮುಂದೆ ವಿದ್ಯುತ್ತಿಗೆ ತಪ್ಪು ಹಾದಿಯಾಗುವುದರಿಂದ, ಬೈರಿಗೆ ಬಿದ್ದ ಸ್ವಿಚ್ಚನ್ನು ಮರಳಿ ಉಪಯೋಗಿಸದೆ ಹೊಸದನ್ನು ಹಾಕುವುದೇ ಲೇಸು.

ಸುತ್ತಿಗೆ ಮತ್ತು ಉಳಿಗಳಿಂದ ಬೀಗವನ್ನು ಹೊಡೆಯುವುದು ಉಗುರಿನಿಂದ ಹೋಗುವುದಕ್ಕೆ ಕೊಡಲಿಯನ್ನು ಎತ್ತಿದಂತೆ. ಹಲಗೆಯು ಬಗ್ಗುವುದು, ಪಕ್ಕದ ಅಳತೆಯ ಗಾಜುಗಳು ಒಡೆಯುವುವು, ಎರಕದ ಒಡಲು ಸೀಳಿ ತಂತಿಗಳ ಮೇಲೆ ಬೀಳುವುದು. ಹಳೆಯ ಲಾರಿಯ ಹಲಗೆಯನ್ನೂ ಅಳತೆಯ ಮುಳ್ಳುಗಳನ್ನೂ ಮತ್ತೆ ಸಂಪಾದಿಸುವುದು ಬೀಗವನ್ನು ಸಂಪಾದಿಸುವುದಕ್ಕಿಂತ ಬಹಳ ಕಷ್ಟ.

ಹೊಸ ಬೀಗವನ್ನು ಕೂಡಿಸುವುದು

ತಂತಿಗಳ ತುದಿಗಳನ್ನು ಮರಳುಕಾಗದದಿಂದ ಉಜ್ಜಿ ಹೊಳಪು ಬರಿಸಬೇಕು. ಕಿಲುಬು ಹಿಡಿದ ತುದಿಯಲ್ಲಿ ವಿದ್ಯುತ್ತಿಗೆ ಅಡ್ಡಿಯಾಗಿ ಶಾಖವು ಹುಟ್ಟುವುದು. ಆರು ವೋಲ್ಟಿನ ಲಾರಿಗಳಲ್ಲಿ ಹರಿಯುವ ವಿದ್ಯುತ್ತಿನ ಪ್ರಮಾಣವು ಹೆಚ್ಚಾದುದರಿಂದ ಈ ದೋಷವೂ ಹೆಚ್ಚು. ತಂತಿಯ ನೂಲಿನ ಹೊದಿಕೆಯು ಬಿರಿದಿದ್ದರೆ ಆ ತಂತಿಯನ್ನೇ ಬದಲಾಯಿಸಬೇಕು. ಚೀಟಿಗಳಂತೆ ತಂತಿಗಳನ್ನು ಕೂಡಿಸಿ, ಒಡಲನ್ನು ಹಲಗೆಯಲ್ಲಿ ಇಟ್ಟು ನಟ್ಟನ್ನು ಬಿಗಿಮಾಡಿ, ಉರುಳೆಯನ್ನು ಅದರ ಗುರುತಿಗೆ ಸರಿಯಾಗಿ ತೂರಿಸಬೇಕು. ಗೂಟವು ತನ್ನ ಸ್ಥಾನಕ್ಕೆ ಹಾರಿದಾಗ ಸಣ್ಣ ಶಬ್ದವು ಕೇಳಿಸುವುದು.

ಕೀಲಿಯನ್ನು ಮುಚ್ಚಿಟ್ಟು, ಭೂಮಿಯ ತಂತಿಯನ್ನು ಬ್ಯಾಟರಿಗೆ ಒಂದು ಕ್ಷಣ ಮುಟ್ಟಿಸಿ ನೋಡಬೇಕು. ದೊಡ್ಡ ಕಿಡಿಯು ಹಾರಿದರೆ ಎಲ್ಲಿಯೋ ತಪ್ಪಿದೆಯೆಂದು ತಿಳಿದು ಮತ್ತೆ ಪರೀಕ್ಷಿಸಬೇಕು. ಕಿಡಿಯಿಲ್ಲದಿದ್ದರೆ ತಂತಿಯನ್ನು ಬಿಗಿದು, ಕೀಲಿಯನ್ನು ಮೊದಲನೆಯ ಸ್ಥಾನಕ್ಕೆ ತಿರುಗಿಸಿ ಅಳತೆಯ ಮುಳ್ಳುಗಳು ಚಲಿಸುವುವೇ ಎಂದು ನೋಡತಕ್ಕದ್ದು. ಎಂಜಿನ್ನು ಹೊರಟ ಮೇಲೆ ಕೆಲವು ನಿಮಿಷಗಳ ನಂತರ ಕೀಲಿಯನ್ನು ಮುಚ್ಚಬೇಕು. ಪೆಟ್ರೋಲ್ ಎಂಜಿನ್ನು ಒಡನೆಯೇ ನಿಲ್ಲಬೇಕು. ಬಳಿಕ ಭೂಮಿಯ ತಂತಿಯನ್ನು ಬಿಚ್ಚಿ ಹಲಗೆಯ ಹಿಂದಿನ ತಂತಿಗಳನ್ನು ಕೈಯಿಂದ ಮುಟ್ಟಿ ನೋಡಿದರೆ ಯಾವುದೂ ಬಿಸಿಯಾಗಿರಕೂಡದು. ಎಂಜಿನ್ನು ನಿಂತಿರುವಾಗ ಕೀಲಿಯನ್ನು ತೆರೆದೇ ಬಿಡುವುದೂ ತಪ್ಪು. ಡಿಸ್ಟ್ರಿಬ್ಯೂಟರಿನ ಮುಳ್ಳುಗಳು ಮುಚ್ಚಿಕೊಂಡಿದ್ದರೆ ಕಾಯಿಲು ಕಾದು ಕೆಡುವುದು, ಬ್ಯಾಟರಿಯೂ ಬರಿದಾಗುವುದು.

ಸ್ಟೀರಿಂಗಿಗೆ ಸೇರಿದ ಬೀಗ

ಮೇಲೆ ಹೇಳಿದ ಕ್ರಮವು ಹಲಗೆಯ ಮೇಲಿರುವ ಬೀಗಕ್ಕೆ ಮಾತ್ರ ಅನ್ವಯಿಸುವುದು. ಷೆವರ್ಲೆ ಲಾರಿಗಳಲ್ಲಿ ೧೯೭೩ ರ ಮಾದರಿಯಿಂದಲೂ, ಅಮೆರಿಕದ ಫೋರ್ಡ್ ಎಫ್ ಮಾದರಿಯ ಲಾರಿಗಳಲ್ಲಿ ೧೯೮೦ ರಿಂದಲೂ ಬೀಗವು ಸ್ಟೀರಿಂಗಿನ ಕಂಬಕ್ಕೆ ಏರಿತು. ಕಂಬದ ಮೇಲಿನ ಬೀಗಗಳು ಸ್ಟೀರಿಂಗನ್ನೂ ಬಂಧಿಸತಕ್ಕವು. ಇಂತಹುದನ್ನು ಅರೆಬರೆ ತಿಳಿದವರು ಮುಟ್ಟಲೇಕೂಡದು. ಮುರಿದ ಬೀಗದ ತುಂಡೊಂದು ಒಳಗೆ ಉಳಿದು, ಲಾರಿಯು ಓಡುತ್ತಿರುವಾಗ ಸ್ಟೀರಿಂಗು ಸಿಕ್ಕಿಕೊಂಡರೆ ಚಾಲಕನಿಗೂ, ಮೂಟೆಗಳ ಮೇಲೆ ಕುಳಿತ ಕೂಲಿಯವರಿಗೂ, ದಾರಿಯಲ್ಲಿ ನಡೆಯುವವರಿಗೂ ಪ್ರಾಣಾಪಾಯವು ತಪ್ಪದು. ಅಂತಹ ಲಾರಿಯನ್ನು ಅನುಭವಸ್ಥನಾದ ಮೆಕ್ಯಾನಿಕ್ಕನ ಬಳಿಗೆ ಸಾಗಿಸುವುದೊಂದೇ ದಾರಿ.

ತಂತಿಗಳನ್ನು ಸುತ್ತಿಬಿಡುವ ಕೆಟ್ಟ ಪದ್ಧತಿ

ಬೀಗವನ್ನು ಬಿಟ್ಟು ತಂತಿಗಳನ್ನೇ ನೇರವಾಗಿ ಸೇರಿಸಿ, ಅಥವಾ ಮನೆಯ ದೀಪದ ಸ್ವಿಚ್ಚೊಂದನ್ನು ಕಟ್ಟಿ ಲಾರಿಯನ್ನು ಓಡಿಸುವವರು "ಈ ಸುಗ್ಗಿಯು ಮುಗಿಯಲಿ, ಆಮೇಲೆ ನೋಡೋಣ" ಎಂದು ಹೇಳುವುದು ವಾಡಿಕೆ. ಆ ಸುಗ್ಗಿಯು ಮುಗಿದು ಮುಂದಿನ ಸುಗ್ಗಿಯು ಬಂದರೂ ತಂತಿಗಳು ಹಾಗೆಯೇ ಇರುವುವು. ಇದರಿಂದ ಮೂರು ಕೇಡುಗಳುಂಟು. ಸುತ್ತಿದ ತಂತಿಗಳು ರಸ್ತೆಯ ಕುಲುಕಾಟಕ್ಕೆ ಸಡಿಲಿ ಕಬ್ಬಿಣಕ್ಕೆ ತಗುಲಿದರೆ, ಒಣ ಹುಲ್ಲನ್ನೋ ಹತ್ತಿಯನ್ನೋ ಹೊತ್ತ ಲಾರಿಗೆ ಬೆಂಕಿಯು ಬೀಳುವುದು. ಬೀಗವಿಲ್ಲದ ಲಾರಿಯನ್ನು ಯಾರು ಬೇಕಾದರೂ ಓಡಿಸಿಕೊಂಡು ಹೋಗಬಹುದು. ಅಪಘಾತವೊಂದು ಸಂಭವಿಸಿದರೆ, ತಾನು ಕೀಲಿಯನ್ನು ಕೊಟ್ಟಿರಲಿಲ್ಲವೆಂದು ಹೇಳಿಕೊಳ್ಳಲು ಯಜಮಾನನಿಗೆ ಆಧಾರವೇ ಇರುವುದಿಲ್ಲ. ಊರು ಕೊಳ್ಳೆ ಹೋದ ಮೇಲೆ ದಿಡ್ಡಿಯ ಬಾಗಿಲನ್ನು ಹಾಕಿ ಪ್ರಯೋಜನವೇನು?

ಗ್ರಾಮದ ಯಜಮಾನರ ಕರ್ತವ್ಯ

ಬೀಗವು ಒಂದು ಸಣ್ಣ ವಸ್ತು. ಆದರೂ ಅದನ್ನು ತೆಗೆಯುವ ವಿದ್ಯೆಯು ಒಳ್ಳೆಯವರಿಗೂ ಕೆಟ್ಟವರಿಗೂ ಒಂದೇ ಸಮನಾಗಿ ಉಪಯೋಗಕ್ಕೆ ಬರುವುದು. ಆದುದರಿಂದ ಗ್ರಾಮದ ಮುಖಂಡರು ಈ ವಿಷಯದಲ್ಲಿ ಎಚ್ಚರದಿಂದಿರಬೇಕು. ಪರಸ್ಥಳದಿಂದ ಬಂದ ಅಪರಿಚಿತರು ಕೀಲಿಯಿಲ್ಲದ ಲಾರಿಯನ್ನಾಗಲಿ ಟ್ರ್ಯಾಕ್ಟರನ್ನಾಗಲಿ ಅಗ್ಗದ ಬೆಲೆಗೆ ಮಾರಲು ಬಂದರೆ ಕೊಳ್ಳದಂತೆ ರೈತರಿಗೆ ತಿಳಿವಳಿಕೆಯನ್ನು ಹೇಳಬೇಕು. ಹಳೆಯ ವಾಹನವನ್ನು ಕೊಳ್ಳುವವರು ರಿಜಿಸ್ಟ್ರೇಷನ್ ಪತ್ರವನ್ನೂ ಎರಡು ಕೀಲಿಗಳನ್ನೂ ಒಟ್ಟಿಗೆ ಕೇಳಿ ಪಡೆಯಬೇಕು. ೧೯೮೮ ರ ಮೋಟಾರು ವಾಹನಗಳ ಕಾನೂನಿನ ಪ್ರಕಾರ, ರಾಜ್ಯದೊಳಗಿನ ಮಾರಾಟದಲ್ಲಿ ಮಾರಿದವನು ೧೪ ದಿವಸಗಳೊಳಗಾಗಿಯೂ, ಕೊಂಡವನು ೩೦ ದಿವಸಗಳೊಳಗಾಗಿಯೂ ಒಡೆತನದ ಬದಲಾವಣೆಯನ್ನು ರಿಜಿಸ್ಟ್ರೇಷನ್ ಅಧಿಕಾರಿಗೆ ತಿಳಿಸತಕ್ಕದ್ದು. ಇದನ್ನು ಅಲಕ್ಷ್ಯಮಾಡಿದವರು ಮುಂದೆ ಬೀಗವನ್ನು ಬದಲಾಯಿಸಬೇಕಾದಾಗಲೂ ಲಾರಿಯು ತಮ್ಮದೆಂದು ತೋರಿಸಲಾರದೆ ಕಷ್ಟಪಡುವರು.

ಟ್ರ್ಯಾಕ್ಟರುಗಳ ವಿಷಯದಲ್ಲಿ ಇನ್ನೊಂದು ಮಾತು. ಹಳೆಯ ಟ್ರ್ಯಾಕ್ಟರುಗಳಲ್ಲಿ ಅನೇಕವು ಒಂದೇ ಮಾದರಿಯ ಕೀಲಿಗೆ ತೆರೆಯುವುವು. ಒಬ್ಬರ ಕೀಲಿಯಿಂದ ಇನ್ನೊಬ್ಬರ ಟ್ರ್ಯಾಕ್ಟರು ಹೊರಡುವುದು. ಇಂತಹವುಗಳಿಗೆ ಬೀಗವು ಹೆಸರಿಗೆ ಮಾತ್ರ. ರಾತ್ರಿಯ ಹೊತ್ತು ಕೊಟ್ಟಿಗೆಯ ಬಾಗಿಲನ್ನು ಭದ್ರಪಡಿಸುವುದೂ, ಬ್ಯಾಟರಿಯ ತಂತಿಯನ್ನು ಬಿಚ್ಚಿಡುವುದೂ ಹೆಚ್ಚಿನ ರಕ್ಷಣೆಯನ್ನು ಕೊಡುವುವು.

ನೆನಪಿನಲ್ಲಿಡತಕ್ಕ ಅಂಶಗಳು

೧. ಪತ್ರಗಳಿಂದ ಒಡೆತನವನ್ನು ಸ್ಥಿರಪಡಿಸಿಕೊಂಡ ಮೇಲೆಯೇ ಬೀಗಕ್ಕೆ ಕೈಹಾಕಬೇಕು.

೨. ಸೀಸದ ಕಡ್ಡಿಯ ಪುಡಿ, ಬೀಗದ ಸಂಖ್ಯೆ, ಬೀಗಗಾರ: ಈ ಮೂರನ್ನೂ ಪ್ರಯತ್ನಿಸಿದ ಮೇಲೆಯೇ ಬೈರಿಗೆ.

೩. ಬ್ಯಾಟರಿಯ ಭೂಮಿಯ ತಂತಿಯನ್ನು ಮೊದಲು ಬಿಚ್ಚಿ, ಕೊನೆಯಲ್ಲಿ ಕೂಡಿಸಬೇಕು.

೪. ತಂತಿಗಳಿಗೆ ಚೀಟಿಯನ್ನು ಕಟ್ಟದೆ ಒಂದನ್ನೂ ಬಿಚ್ಚಕೂಡದು.

೫. ಸ್ಟೀರಿಂಗಿಗೆ ಸೇರಿದ ಬೀಗವನ್ನು ಮೆಕ್ಯಾನಿಕ್ಕನಿಗೇ ಬಿಡಬೇಕು.

೬. ಹೊಸ ಬೀಗವನ್ನು ಕೂಡಿಸಿದ ದಿವಸವೇ ಕೀಲಿಯ ಸಂಖ್ಯೆಯನ್ನು ಮನೆಯ ಲೆಕ್ಕದ ಪುಸ್ತಕದಲ್ಲಿ ಬರೆದು, ಎರಡನೆಯ ಕೀಲಿಯನ್ನು ಜಮೀನಿನ ಪತ್ರಗಳಿರುವ ಪೆಟ್ಟಿಗೆಯಲ್ಲಿ ಇಡಬೇಕು. ಅದು ಇರುವ ಸ್ಥಳವು ಮನೆಯಲ್ಲಿ ಇಬ್ಬರಿಗಾದರೂ ತಿಳಿದಿರಬೇಕು.

ಈ ಕೊನೆಯ ಅಂಶವನ್ನು ಅನುಸರಿಸಿದವರಿಗೆ ಉಳಿದ ಐದರ ಅವಶ್ಯಕತೆಯು ಬಹುಶಃ ಎಂದಿಗೂ ಒದಗಲಾರದು.